ಖಿನ್ನತೆಯ ಔಷಧಗಳು ಮತ್ತು ನಿದ್ರೆಯ ಚಲನದೋಷಗಳು

ಮಲಗುವ ಹೊತ್ತಿನಲ್ಲಿ ಅಥವಾ ನಿದ್ರೆಯ ನಡುವೆ ಕಾಲು, ಕೈ, ದವಡೆಗಳು ತಮ್ಮಷ್ಟಕ್ಕೆ ಅಲುಗುವುದು, ಇಲ್ಲವೇ ಅಲುಗಿಸದೆ ಇರಲಾಗದಂಥ ತಳಮಳ ಕಾಡುವುದು ನಿದ್ರೆಯ ಚಲನದೋಷಗಳ ಮುಖ್ಯ ಲಕ್ಷಣ. ಖಿನ್ನತೆಯಿಂದ ಬಳಲುವವರಲ್ಲಿ ಇವು ಹೆಚ್ಚಾಗಿ ಕಾಣುತ್ತವೆ. ಖಿನ್ನತೆಗೆ ಕೊಡುವ ಕೆಲವು ಔಷಧಗಳು ಇವನ್ನು ಹುಟ್ಟಿಸುವುದೂ ಉಂಟು, ಮೊದಲೇ ಇದ್ದರೆ ಉಲ್ಬಣಗೊಳಿಸುವುದೂ ಉಂಟು. ನಿದ್ರೆ ಕೆಡುವುದು ಖಿನ್ನತೆಯದ್ದೇ ಲಕ್ಷಣವಾದ್ದರಿಂದ ಔಷಧದಿಂದ ಬಂದ ಕಾಲಿನ ತಳಮಳವನ್ನು ಕಾಯಿಲೆ ಹೆಚ್ಚಾಯಿತೆಂದು ತಿಳಿದು ಅದೇ ಔಷಧದ ಪ್ರಮಾಣವನ್ನು ಏರಿಸುವ ಅಪಾಯವಿದೆ. ಕಾರಣ ತಿಳಿಯದ ರೋಗಿ ಮಾತ್ರೆಯನ್ನೇ ಬಿಟ್ಟುಬಿಡುವ ಅಪಾಯವೂ ಅಷ್ಟೇ ಇದೆ.

ಬಗೆಗಳು

ನಿದ್ರಾರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ 2014ರ ಮೂರನೆಯ ಆವೃತ್ತಿ ಚಲನದೋಷಗಳನ್ನು ಪ್ರತ್ಯೇಕ ಗುಂಪಾಗಿ ಇರಿಸಿದೆ. ಖಿನ್ನತೆಯ ಚಿಕಿತ್ಸೆಯಲ್ಲಿ ಎದುರಾಗುವವು ಮುಖ್ಯವಾಗಿ ಮೂರು.

ಮೊದಲನೆಯದು ಚಡಪಡಿಕೆಯ ಕಾಲು. ವೈದ್ಯರು ಇದನ್ನು ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್ ಎಂದೂ ವಿಲ್ಲಿಸ್-ಎಕ್‌ಬೊಮ್ ಕಾಯಿಲೆ ಎಂದೂ ಕರೆಯುತ್ತಾರೆ. ಇದರಲ್ಲಿ ನಾಲ್ಕು ಗುರುತುಗಳು ಒಟ್ಟಿಗೆ ಇರಬೇಕು: ಕಾಲನ್ನು ಆಡಿಸಲೇಬೇಕೆಂಬ ಒತ್ತಡ, ಕೂತಾಗ, ಮಲಗಿದಾಗ ಅದು ಶುರುವಾಗುವುದು ಅಥವಾ ಹೆಚ್ಚುವುದು, ಎದ್ದು ಓಡಾಡಿದರೆ ಕಡಿಮೆಯಾಗುವುದು, ಸಂಜೆ ಮತ್ತು ರಾತ್ರಿಯಲ್ಲಿ ಜಾಸ್ತಿಯಾಗುವುದು. ಇದೇ ರೀತಿ ಕಾಣುವ ಬೇರೆ ತೊಂದರೆಗಳು ಕಾರಣವಲ್ಲವೆಂದು ಖಾತರಿಯಾಗಬೇಕೆಂಬ ಐದನೆಯ ಷರತ್ತನ್ನು ಆಮೇಲೆ ಸೇರಿಸಲಾಯಿತು. ರೋಗಿಗಳು ಇದನ್ನು ನೋವು ಎನ್ನುವುದು ಕಡಿಮೆ. ಮೀನಖಂಡದೊಳಗೆ ಇರುವೆ ಹರಿದ ಹಾಗೆ, ಎಲುಬಿನೊಳಗೆ ಏನೋ ಎಳೆದ ಹಾಗೆ, ಕಾಲು ಜುಮುಜುಮು ಎಂದ ಹಾಗೆ ಎಂದು ವರ್ಣಿಸುತ್ತಾರೆ. ಹೇಳಲು ಸರಿಯಾದ ಶಬ್ದ ಸಿಗದಿರುವುದು ಈ ಕಾಯಿಲೆಯಲ್ಲಿ ಸಾಮಾನ್ಯ.

ಎರಡನೆಯದು ನಿದ್ರೆಯಲ್ಲಿ ಕೈಕಾಲುಗಳು ನಿಯಮಿತ ಅಂತರದಲ್ಲಿ ಸೆಳೆಯುವುದು. ಹೆಬ್ಬೆರಳು ಮೇಲಕ್ಕೇಳುತ್ತದೆ, ಹರಡು ಮಡಿಚಿಕೊಳ್ಳುತ್ತದೆ, ಕೆಲವೊಮ್ಮೆ ಮೊಣಕಾಲು ಮತ್ತು ಸೊಂಟದ ಕೀಲೂ ಮಡಿಚುತ್ತವೆ. ಒಂದೊಂದು ಸೆಳೆತವೂ ಅರ್ಧ ಸೆಕೆಂಡಿನಿಂದ 10 ಸೆಕೆಂಡು ಇರುತ್ತದೆ. 5ರಿಂದ 90 ಸೆಕೆಂಡುಗಳ ಅಂತರದಲ್ಲಿ ಕನಿಷ್ಠ ನಾಲ್ಕು ಸಲ ಸಾಲಾಗಿ ಬಂದರೆ ಮಾತ್ರ ಅದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ವಯಸ್ಕರಲ್ಲಿ ಗಂಟೆಗೆ 15ಕ್ಕಿಂತ ಹೆಚ್ಚಾದರೆ ಅಸಹಜ. ಆದರೆ ಎಣಿಕೆ ಹೆಚ್ಚಿದ್ದ ಮಾತ್ರಕ್ಕೆ ಅದು ಕಾಯಿಲೆಯಾಗದು. ನಿದ್ರೆ ಕೆಟ್ಟು ಹಗಲು ಬಾಧಿಸಿದರೆ ಮಾತ್ರ ಕಾಯಿಲೆ ಎನ್ನಿಸಿಕೊಳ್ಳುತ್ತದೆ. ಚಡಪಡಿಕೆಯ ಕಾಲು ಇರುವವರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿಗೆ ಈ ಸೆಳೆತವೂ ಇರುತ್ತದೆ. ಇದು ಮಲಗಿದವರಿಗೆ ಗೊತ್ತಾಗುವುದಿಲ್ಲ, ಪಕ್ಕದಲ್ಲಿ ಮಲಗಿದವರಿಗೆ ಗೊತ್ತಾಗುತ್ತದೆ.

ಮೂರನೆಯದು ನಿದ್ರೆಯಲ್ಲಿ ಹಲ್ಲು ಕಡಿಯುವುದು. ಬೆಳಿಗ್ಗೆ ಏಳುವಾಗ ದವಡೆ ಬಿಗಿದುಕೊಂಡಿರುವುದು, ಕಪಾಲದ ಪಕ್ಕ ನೋಯುವುದು, ಹಲ್ಲಿನ ತುದಿ ಸವೆಯುವುದು ಇದರ ಕುರುಹುಗಳು.

ಕನಸು ಕಾಣುವ ಹಂತದಲ್ಲಿ ಕೂಗುವುದು, ಒದೆಯುವುದು, ಹೊಡೆಯುವುದು ಬೇರೆಯೇ ಕಾಯಿಲೆ. ಇದಕ್ಕೆ ರೆಮ್ ನಿದ್ರೆಯ ವರ್ತನಾದೋಷ ಎಂದು ಹೆಸರು. ವರ್ಗೀಕರಣದಲ್ಲಿ ಇದು ಚಲನದೋಷಗಳ ಗುಂಪಿಗೆ ಸೇರುವುದಿಲ್ಲ. ಆದರೂ ಖಿನ್ನತೆಯ ಔಷಧಗಳು ಇದಕ್ಕೂ ಕಾರಣವಾಗಬಲ್ಲವಾದ್ದರಿಂದ ಇಲ್ಲಿ ಪ್ರಸ್ತುತ.

ಇತಿಹಾಸ

ಚಡಪಡಿಕೆಯ ಕಾಲನ್ನು ಮೊದಲು ವರ್ಣಿಸಿದವನು ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್. 1672ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ಇದರ ಉಲ್ಲೇಖವಿದೆ. 1861ರಲ್ಲಿ ಜರ್ಮನ್ ವೈದ್ಯ ಥಿಯೋಡೋರ್ ವಿಟ್‌ಮಾಕ್ ಇದನ್ನು ಕಾಲುಗಳ ಆತಂಕವೆಂದು ಕರೆದು ಹಿಸ್ಟೀರಿಯಾದ ಲೆಕ್ಕಕ್ಕೆ ಸೇರಿಸಿದ. ಇದು ನರಗಳಿಗೆ ಸಂಬಂಧಿಸಿದ ಪ್ರತ್ಯೇಕ ಕಾಯಿಲೆ ಎಂಬುದನ್ನು ಸ್ಥಾಪಿಸಿದ್ದು ಸ್ವೀಡನ್ನಿನ ಕಾರ್ಲ್-ಆಕ್ಸೆಲ್ ಎಕ್‌ಬೊಮ್ 1945ರಲ್ಲಿ ಬರೆದ ಪ್ರಬಂಧ. 1953ರಲ್ಲಿ ಬ್ರಿಟನ್ನಿನ ಚಾರ್ಲ್ಸ್ ಸೈಮಂಡ್ಸ್ ರಾತ್ರಿಯ ಸ್ನಾಯುಸೆಳೆತದ ಬಗ್ಗೆ ಬರೆದರು. 1960ರ ದಶಕದಲ್ಲಿ ಇಟಲಿಯ ಎಲಿಯೋ ಲುಗಾರೆಸಿ ಮತ್ತು ಸಂಗಡಿಗರು ಆ ಸೆಳೆತವನ್ನು ಯಂತ್ರದಲ್ಲಿ ದಾಖಲಿಸಿ ಅದರ ನಿಯಮಿತ ಅಂತರವನ್ನು ತೋರಿಸಿದರು.

ಅದೇ ಕಾಲದಲ್ಲಿ ಖಿನ್ನತೆಯ ಔಷಧಗಳೂ ರೂಪುಗೊಳ್ಳುತ್ತಿದ್ದವು. ಕ್ಷಯಕ್ಕೆಂದು ತಂದ ಐಪ್ರೊನಿಯಾಜಿಡ್ ಮನಸ್ಸನ್ನು ಗೆಲುವಾಗಿಸುವುದು 1950ರ ದಶಕದಲ್ಲಿ ಗಮನಕ್ಕೆ ಬಂತು. ಸ್ವಿಟ್ಜರ್ಲೆಂಡಿನ ರೋಲಂಡ್ ಕೂನ್ ಇಮಿಪ್ರಮಿನ್‌ನ ಗುಣವನ್ನು ಗುರುತಿಸಿದ್ದೂ ಆಗಲೇ. 1987ರಲ್ಲಿ ಅಮೆರಿಕದಲ್ಲಿ ಫ್ಲುಯೊಕ್ಸೆಟಿನ್‌ಗೆ ಅನುಮತಿ ಸಿಕ್ಕಿತು. ಹೃದಯದ ಮೇಲೆ ಅಪಾಯ ಕಡಿಮೆಯಿದ್ದ ಈ ಹೊಸ ಗುಂಪಿನ ಔಷಧಗಳು ತಜ್ಞರ ಕೈಯಿಂದ ಸಾಮಾನ್ಯ ವೈದ್ಯರ ಕೈಗೂ ಬಂದವು. ಬಳಕೆ ಹಬ್ಬಿದ ಮೇಲೆ ರಾತ್ರಿಯ ಅಡ್ಡಪರಿಣಾಮಗಳ ವರದಿಗಳೂ ಒಂದೊಂದಾಗಿ ಬರತೊಡಗಿದವು.

ಖಿನ್ನತೆಯೊಡನೆ ನಂಟು

ಯುರೋಪ್ ಮತ್ತು ಉತ್ತರ ಅಮೆರಿಕದಲ್ಲಿ ವಯಸ್ಕರ ಪೈಕಿ ನೂರಕ್ಕೆ 5ರಿಂದ 10 ಮಂದಿಗೆ ಚಡಪಡಿಕೆಯ ಕಾಲು ಇದೆ. ಚಿಕಿತ್ಸೆ ಬೇಕಾಗುವಷ್ಟು ತೀವ್ರವಾಗಿರುವುದು 2ರಿಂದ 3 ಮಂದಿಗೆ. ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಎರಡು ಪಟ್ಟು ಹೆಚ್ಚು. ಖಿನ್ನತೆಯೂ ಹೆಂಗಸರಲ್ಲಿ ಹೆಚ್ಚು. ಎರಡೂ ಒಬ್ಬರಲ್ಲೇ ಸೇರುವುದಕ್ಕೆ ಇದೊಂದು ಕಾರಣ, ಆದರೆ ಪೂರ್ತಿ ಕಾರಣವಲ್ಲ. ಅಮೆರಿಕದ ದಾದಿಯರ ಆರೋಗ್ಯ ಅಧ್ಯಯನದಲ್ಲಿ ಖಿನ್ನತೆ ಇಲ್ಲದ 56 ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ವರ್ಷಗಟ್ಟಲೆ ಗಮನಿಸಲಾಯಿತು. ಮೊದಲೇ ಚಡಪಡಿಕೆಯ ಕಾಲು ಇದ್ದವರಲ್ಲಿ ಮುಂದೆ ಖಿನ್ನತೆ ಬರುವ ಸಂಭವ ಒಂದೂವರೆ ಪಟ್ಟು ಎಂದು 2012ರಲ್ಲಿ ಪ್ರಕಟವಾದ ಅದರ ಫಲಿತಾಂಶ ಹೇಳಿತು.

ಈ ನಂಟಿಗೆ ಹಲವು ದಾರಿಗಳಿವೆ. ತಿಂಗಳುಗಟ್ಟಲೆ ನಿದ್ರೆ ಕೆಟ್ಟರೆ ಮನಸ್ಸು ಕುಗ್ಗುತ್ತದೆ. ಡೋಪಮಿನ್ ಎಂಬ ನರವಾಹಕದ ಏರುಪೇರು ಎರಡರಲ್ಲೂ ಇದೆ. ಲಕ್ಷಣಗಳೂ ಒಂದರೊಳಗೊಂದು ಬೆರೆತಿವೆ: ನಿದ್ರೆ ಬಾರದಿರುವುದು, ಆಯಾಸ, ಗಮನ ನಿಲ್ಲದಿರುವುದು, ತಳಮಳ ಇವು ಖಿನ್ನತೆಯ ಪ್ರಶ್ನಾವಳಿಯಲ್ಲೂ ಇವೆ, ಕಾಲಿನ ಕಾಯಿಲೆಯಲ್ಲೂ ಇವೆ. ಹಾಗಾಗಿ ಅಂಕ ಮಾತ್ರ ನೋಡಿದರೆ ಕಾಲಿನ ಕಾಯಿಲೆಯೊಂದೇ ಇರುವವರೂ ಖಿನ್ನರಂತೆ ಕಾಣಬಹುದು.

ಔಷಧಗಳ ಪಾತ್ರ

ಇಂದು ಹೆಚ್ಚು ಬಳಕೆಯಲ್ಲಿರುವ ಖಿನ್ನತೆಯ ಔಷಧಗಳು ಮಿದುಳಿನಲ್ಲಿ ಸೆರೊಟೊನಿನ್ ಎಂಬ ನರವಾಹಕದ ಪರಿಣಾಮವನ್ನು ಹೆಚ್ಚಿಸುತ್ತವೆ. ಸೆರೊಟೊನಿನ್ ಕೆಲವು ಮಾರ್ಗಗಳಲ್ಲಿ ಡೋಪಮಿನ್ ಬಿಡುಗಡೆಯನ್ನು ತಡೆಯುತ್ತದೆ. ಬೆನ್ನುಹುರಿಯ ಕಡೆಗೆ ಇಳಿಯುವ ಡೋಪಮಿನ್ ಮಾರ್ಗದ ಹಿಡಿತ ಸಡಿಲವಾದರೆ ಕಾಲಿನ ಚಲನೆಯ ಮೇಲಿನ ಲಗಾಮೂ ಸಡಿಲವಾಗುತ್ತದೆ ಎಂಬುದು ಹೆಚ್ಚು ಒಪ್ಪಿತವಾದ ವಿವರಣೆ. ಹಿಸ್ಟಮಿನ್ ತಡೆಯುವ ಗುಣವೂ ಚಡಪಡಿಕೆಯನ್ನು ಹೆಚ್ಚಿಸುತ್ತದೆ. ಕೆಲವು ಔಷಧಗಳಲ್ಲಿ ಎರಡೂ ಗುಣ ಸೇರಿರುತ್ತವೆ.

ಎಲ್ಲ ಔಷಧಗಳೂ ಒಂದೇ ಸಮ ಅಲ್ಲ. ಜರ್ಮನಿಯಲ್ಲಿ ಹೊಸ ಪೀಳಿಗೆಯ ಔಷಧಗಳನ್ನು ಮೊದಲ ಸಲ ತೆಗೆದುಕೊಂಡ 271 ಮಂದಿಯನ್ನು ಗಮನಿಸಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಅವರಲ್ಲಿ ನೂರಕ್ಕೆ 9 ಮಂದಿಗೆ ಚಡಪಡಿಕೆಯ ಕಾಲು ಹೊಸದಾಗಿ ಬಂತು ಅಥವಾ ಇದ್ದದ್ದು ಹೆಚ್ಚಿತು. ಮಿರ್ಟಜಪಿನ್ ತೆಗೆದುಕೊಂಡವರಲ್ಲಿ ಈ ಪ್ರಮಾಣ ನೂರಕ್ಕೆ 28. ಹೆಚ್ಚಿನವರಲ್ಲಿ ತೊಂದರೆ ಮೊದಲ ಕೆಲವು ದಿನಗಳಲ್ಲೇ ಶುರುವಾಗಿತ್ತು. ನಿದ್ರೆ ಮತ್ತು ಹಸಿವು ಎರಡೂ ಕೆಟ್ಟವರಿಗೆ ಮಿರ್ಟಜಪಿನ್ ರಾತ್ರಿ ಹೊತ್ತು ಕೊಡುವುದು ರೂಢಿ. ನಿದ್ರೆಗೆಂದೇ ಕೊಟ್ಟ ಮಾತ್ರೆ ಕೆಲವರ ನಿದ್ರೆಗೆ ಎರವಾಗುವುದು ಹೀಗೆ. ಫ್ಲುಯೊಕ್ಸೆಟಿನ್, ಸರ್ಟ್ರಲಿನ್, ಎಸ್ಸಿಟಲೊಪ್ರಾಮ್, ವೆನ್ಲಫಾಕ್ಸಿನ್‌ಗಳಲ್ಲೂ ವರದಿಗಳಿವೆ. ಅಮಿಟ್ರಿಪ್ಟಿಲಿನ್‌ನಂಥ ಹಳೆಯ ಔಷಧಗಳೂ ಹೊರತಲ್ಲ.

ನಿದ್ರೆಯೊಳಗಿನ ಸೆಳೆತದ ವಿಷಯದಲ್ಲಿ 2005ರಲ್ಲಿ ಅಮೆರಿಕದಿಂದ ಬಂದ ಅಧ್ಯಯನ ಗಮನಾರ್ಹ. ಖಿನ್ನತೆಯ ಔಷಧ ತೆಗೆದುಕೊಳ್ಳುತ್ತಿದ್ದ 274 ಮಂದಿಯ ರಾತ್ರಿನಿದ್ರೆಯ ದಾಖಲೆಗಳನ್ನು ಔಷಧವಿಲ್ಲದ 69 ಮಂದಿಯ ದಾಖಲೆಗಳ ಜೊತೆ ಹೋಲಿಸಲಾಯಿತು. ಸೆರೊಟೊನಿನ್ ಗುಂಪಿನ ಔಷಧಗಳು ಮತ್ತು ವೆನ್ಲಫಾಕ್ಸಿನ್ ತೆಗೆದುಕೊಂಡವರಲ್ಲಿ ಸೆಳೆತ ಹೆಚ್ಚಿತ್ತು. ಬ್ಯುಪ್ರೊಪಿಯಾನ್ ತೆಗೆದುಕೊಂಡವರಲ್ಲಿ ಹಾಗಿರಲಿಲ್ಲ. ಬ್ಯುಪ್ರೊಪಿಯಾನ್ ಸೆರೊಟೊನಿನ್ ಬದಲು ಡೋಪಮಿನ್ ಮತ್ತು ನಾರ್‌ಅಡ್ರಿನಲಿನ್‌ಗಳ ಮೇಲೆ ಕೆಲಸ ಮಾಡುವುದರಿಂದ ಈ ವ್ಯತ್ಯಾಸ. 2011ರಲ್ಲಿ ಪ್ರಕಟವಾದ, 60 ಮಂದಿಯ ಮೇಲೆ ನಡೆದ ಪ್ರಯೋಗದಲ್ಲೂ ಅದು ಚಡಪಡಿಕೆಯನ್ನು ಹೆಚ್ಚಿಸಲಿಲ್ಲ. ಮೂರನೆಯ ವಾರದಲ್ಲಿ ಕಂಡ ಉಪಕಾರ ಮಾತ್ರ ಆರನೆಯ ವಾರಕ್ಕೆ ಸ್ಪಷ್ಟವಾಗಿ ಉಳಿಯಲಿಲ್ಲ.

ಹಲ್ಲು ಕಡಿಯುವ ತೊಂದರೆ ಫ್ಲುಯೊಕ್ಸೆಟಿನ್, ಸರ್ಟ್ರಲಿನ್, ವೆನ್ಲಫಾಕ್ಸಿನ್‌ಗಳ ಜೊತೆ ಹೆಚ್ಚು ವರದಿಯಾಗಿದೆ. ಸಾಮಾನ್ಯವಾಗಿ ಔಷಧ ಶುರುಮಾಡಿದ ಅಥವಾ ಪ್ರಮಾಣ ಏರಿಸಿದ ಮೂರು-ನಾಲ್ಕು ವಾರಗಳೊಳಗೆ ಇದು ಕಾಣಿಸುತ್ತದೆ. ಇನ್ನು ರೆಮ್ ನಿದ್ರೆಯ ವಿಷಯ: ಆ ಹಂತದಲ್ಲಿ ದೇಹದ ಸ್ನಾಯುಗಳು ಸಹಜವಾಗಿ ಸಡಿಲಗೊಂಡು ಅಲುಗದಂತಿರಬೇಕು. ಸೆರೊಟೊನಿನ್ ಹೆಚ್ಚಿಸುವ ಔಷಧಗಳಲ್ಲಿ ಈ ಸಡಿಲಿಕೆ ಪೂರ್ಣವಾಗದೆ ಕನಸಿನ ಜಗಳ ಹಾಸಿಗೆಯ ಮೇಲೆ ನಡೆದುಹೋಗಬಹುದು. ಈ ವರ್ತನಾದೋಷವನ್ನು 1986ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಕಾರ್ಲೋಸ್ ಶೆಂಕ್, ಮಾರ್ಕ್ ಮಹೋವಾಲ್ಡ್ ಮತ್ತು ಸಂಗಡಿಗರು ವಯಸ್ಸಾದವರಲ್ಲಿ ಗುರುತಿಸಿದರು. ಅಂಥವರಲ್ಲಿ ಅದು ಪಾರ್ಕಿನ್‌ಸನ್ ಕಾಯಿಲೆಯ ಮುನ್ಸೂಚನೆ ಆಗಿರಬಹುದು. ಆದ್ದರಿಂದ ನಡುವಯಸ್ಸು ದಾಟಿದವರಲ್ಲಿ ಇದು ಕಂಡರೆ ಮಾತ್ರೆಯ ಮೇಲೆ ಹಾಕಿ ಕೈತೊಳೆದುಕೊಳ್ಳುವಂತಿಲ್ಲ.

ಖಿನ್ನತೆಯ ಔಷಧದ ಜೊತೆಗೆ ನುಂಗುವ ಇತರ ಮಾತ್ರೆಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನೆಗಡಿ, ತುರಿಕೆಗೆ ಕೊಡುವ ಮಂಪರು ಬರಿಸುವ ಮಾತ್ರೆಗಳು, ವಾಂತಿ ನಿಲ್ಲಿಸುವ ಮೆಟೊಕ್ಲೊಪ್ರಮೈಡ್, ಮನೋವಿಕಾರಕ್ಕೆ ಕೊಡುವ ಓಲಾಂಜಪಿನ್‌ನಂಥವು ಕಾಲಿನ ಚಡಪಡಿಕೆಯನ್ನು ಕೆರಳಿಸುತ್ತವೆ. ಔಷಧದ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಂಡ ನೆಗಡಿಮಾತ್ರೆಯನ್ನು ರೋಗಿ ಔಷಧವೆಂದು ಎಣಿಸುವುದೇ ಇಲ್ಲ. ಅದನ್ನು ಕೇಳಿಯೇ ತಿಳಿಯಬೇಕು.

ಕಬ್ಬಿಣದ ಕೊರತೆ

ಔಷಧದಷ್ಟೇ ಮುಖ್ಯವಾದ ಇನ್ನೊಂದು ಕಾರಣ ಕಬ್ಬಿಣದ ಅಂಶದ ಕೊರತೆ. ಮಿದುಳು ಡೋಪಮಿನ್ ತಯಾರಿಸಲು ಕಬ್ಬಿಣ ಬೇಕು. 1950ರ ದಶಕದಲ್ಲೇ ಸ್ವೀಡನ್ನಿನ ನಾರ್ಡ್‌ಲ್ಯಾಂಡರ್ ರಕ್ತನಾಳದ ಮೂಲಕ ಕಬ್ಬಿಣ ಕೊಟ್ಟು ಚಡಪಡಿಕೆಯ ಕಾಲಿಗೆ ಉಪಶಮನ ಕಂಡಿದ್ದರು. ದೇಹದಲ್ಲಿ ಕೂಡಿಟ್ಟ ಕಬ್ಬಿಣವನ್ನು ತಿಳಿಸುವ ಪರೀಕ್ಷೆ ಫೆರಿಟಿನ್. ಇಲ್ಲೊಂದು ಗೊಂದಲವಿದೆ. ಪ್ರಯೋಗಾಲಯದ ವರದಿ ಮಿಲಿಲೀಟರಿಗೆ 20 ಅಥವಾ 30 ನ್ಯಾನೊಗ್ರಾಂ ಇದ್ದರೂ ಸಹಜ ಎಂದು ಮುದ್ರಿಸುತ್ತದೆ. ಆದರೆ ಚಡಪಡಿಕೆಯ ಕಾಲು ಇರುವವರಲ್ಲಿ 75 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಕಬ್ಬಿಣ ಕೊಡಬೇಕೆಂದು ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಹೇಳುತ್ತವೆ. ಹಿಮೋಗ್ಲೋಬಿನ್ ಸರಿಯಿದ್ದು ಫೆರಿಟಿನ್ ಮಾತ್ರ ಕಡಿಮೆ ಇರುವುದು ಸಾಧ್ಯ. ಸೋಂಕು ಅಥವಾ ಉರಿಯೂತ ಇದ್ದಾಗ ಫೆರಿಟಿನ್ ಸುಳ್ಳೇ ಏರುವುದೂ ಉಂಟು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ 47.8 ಮಂದಿಗೆ ರಕ್ತಹೀನತೆಯಿದೆ. ಖಿನ್ನತೆಯ ಔಷಧ ಶುರುಮಾಡುವ ಮುನ್ನ ರಕ್ತದ ಸ್ಥಿತಿ ನೋಡುವುದಕ್ಕೆ ಈ ಒಂದು ಅಂಕಿಯೇ ಸಾಕಷ್ಟು ಕಾರಣ. ಬಸುರಿಯರಲ್ಲಿ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ, ಚಡಪಡಿಕೆಯ ಕಾಲು ತುಂಬ ಸಾಮಾನ್ಯ. ಹೆರಿಗೆಯ ನಂತರ ಬಹುಪಾಲು ತಾನಾಗಿ ಇಳಿಯುತ್ತದೆ. ಬಾಣಂತಿಯ ಖಿನ್ನತೆಗೆ ಔಷಧ ಕೊಡುವಾಗ ಈ ಹಿನ್ನೆಲೆಯನ್ನು ಕೇಳಿಕೊಳ್ಳುವುದು ಒಳ್ಳೆಯದು.

ಪತ್ತೆ

ಚಡಪಡಿಕೆಯ ಕಾಲಿಗೆ ಯಂತ್ರ ಬೇಕಿಲ್ಲ, ಮಾತು ಸಾಕು. ಸಂಜೆ ಅಥವಾ ರಾತ್ರಿ ಕೂತಾಗ, ಮಲಗಿದಾಗ ಕಾಲು ಆಡಿಸಲೇಬೇಕು ಅನ್ನಿಸುತ್ತದೆಯೇ, ಓಡಾಡಿದರೆ ಕಡಿಮೆಯಾಗುತ್ತದೆಯೇ ಎಂದು ಕೇಳಿದರೆ ಹೆಚ್ಚಿನಂಶ ಗೊತ್ತಾಗುತ್ತದೆ. ತೀವ್ರತೆ ಅಳೆಯಲು ಹತ್ತು ಪ್ರಶ್ನೆಗಳ, 40 ಅಂಕಗಳ ಅಂತರರಾಷ್ಟ್ರೀಯ ಮಾಪನ ಬಳಕೆಯಲ್ಲಿದೆ. ನಿದ್ರೆಯೊಳಗಿನ ಸೆಳೆತ ಎಣಿಸಲು ಮತ್ತು ರೆಮ್ ನಿದ್ರೆಯ ದೋಷ ಖಚಿತಪಡಿಸಲು ಮಾತ್ರ ಪಾಲಿಸೋಮ್ನೋಗ್ರಫಿ ಎಂಬ ರಾತ್ರಿಯಿಡೀ ನಡೆಯುವ ಪರೀಕ್ಷೆ ಬೇಕಾಗುತ್ತದೆ.

ಬೇರ್ಪಡಿಸಿ ನೋಡಬೇಕಾದವು ಹಲವು. ರಾತ್ರಿ ಮೀನಖಂಡ ಗಟ್ಟಿಯಾಗಿ ಹಿಡಿದುಕೊಳ್ಳುವುದರಲ್ಲಿ ನಿಜವಾದ ನೋವಿದೆ, ಸ್ನಾಯು ಗಂಟುಕಟ್ಟುತ್ತದೆ. ಸಕ್ಕರೆ ಕಾಯಿಲೆಯ ನರದೋಷದಲ್ಲಿ ಪಾದ ಉರಿಯುತ್ತದೆ, ಓಡಾಡಿದರೂ ಹೋಗುವುದಿಲ್ಲ. ಹೆಚ್ಚು ಎಡವಟ್ಟಾಗುವುದು ಅಕಥೀಸಿಯಾ ಎಂಬ ಇನ್ನೊಂದು ಅಡ್ಡಪರಿಣಾಮದ ವಿಷಯದಲ್ಲಿ. 1901ರಲ್ಲಿ ಪ್ರಾಗ್‌ನ ಲಾಡಿಸ್ಲಾವ್ ಹಾಸ್ಕೊವೆಟ್ಸ್ ಹೆಸರಿಟ್ಟ ಈ ಸ್ಥಿತಿಯಲ್ಲಿ ಮನುಷ್ಯ ಕೂತಲ್ಲಿ ಕೂರಲಾರ. ತಳಮಳ ಕಾಲಿಗೆ ಸೀಮಿತವಲ್ಲ, ರಾತ್ರಿಗೂ ಸೀಮಿತವಲ್ಲ. ಇಡೀ ದೇಹಕ್ಕೆ, ಹಗಲಿಗೂ ವ್ಯಾಪಿಸಿರುತ್ತದೆ. ಖಿನ್ನತೆಯ ಔಷಧದಿಂದಲೂ ಇದು ಬರಬಹುದು. ತೀವ್ರವಾದ ಅಕಥೀಸಿಯಾ ಆತ್ಮಹತ್ಯೆಯ ಯೋಚನೆಗೆ ದೂಡಬಲ್ಲದು. ಆದ್ದರಿಂದ ತಡಮಾಡದೆ ವೈದ್ಯರಿಗೆ ತಿಳಿಸಬೇಕು. ಸೆಳೆತದ ಜೊತೆಗೆ ಜ್ವರ, ವಿಪರೀತ ಬೆವರು, ನಡುಕ, ಗಲಿಬಿಲಿ ಕಂಡರೆ ಅದು ಸೆರೊಟೊನಿನ್ ಅತಿಯಾದ ಲಕ್ಷಣವಾಗಿರಬಹುದು. ಆಗ ತುರ್ತುಚಿಕಿತ್ಸೆಗೆ ಹೋಗಬೇಕು.

ನಿರ್ವಹಣೆ

ಮೊದಲ ನಿಯಮ, ಮಾತ್ರೆಯನ್ನು ಏಕಾಏಕಿ ನಿಲ್ಲಿಸಬಾರದು. ಹಾಗೆ ಮಾಡಿದರೆ ತಲೆಸುತ್ತು, ಹೊಟ್ಟೆ ತೊಳಸು, ಕೆಟ್ಟ ಕನಸು, ಕಿರಿಕಿರಿ ಶುರುವಾಗುತ್ತವೆ, ಖಿನ್ನತೆಯೂ ಮರುಕಳಿಸಬಹುದು. ಖಿನ್ನತೆ ಜೀವಕ್ಕೆ ಅಪಾಯ ತರುವ ಕಾಯಿಲೆ. ಕಾಲಿನ ತೊಂದರೆಗಾಗಿ ಅದರ ಚಿಕಿತ್ಸೆ ಕೈಬಿಡುವುದು ನಷ್ಟದ ವ್ಯಾಪಾರ. ಸೌಮ್ಯ ಚಡಪಡಿಕೆ ಇದ್ದು ಮನಸ್ಸು ಸುಧಾರಿಸುತ್ತಿದ್ದರೆ ಕೆಲವು ವಾರ ಕಾದು ನೋಡುವುದೂ ಸರಿಯೇ.

ಕಾಯುವುದು ಸಾಲದಿದ್ದರೆ ಕ್ರಮವಾಗಿ ಹೀಗೆ ನಡೆಯುತ್ತಾರೆ. ಕೆರಳಿಸುವ ಇತರ ಮಾತ್ರೆಗಳನ್ನು ಬದಲಿಸುವುದು. ಫೆರಿಟಿನ್ ನೋಡಿ ಕಬ್ಬಿಣ ತುಂಬಿಸುವುದು. ಸಂಜೆಯ ಕಾಫಿ, ಚಹಾ, ಮದ್ಯ ಬಿಡಿಸುವುದು. ಔಷಧದ ಪ್ರಮಾಣ ಇಳಿಸುವುದು ಅಥವಾ ಬೇರೆ ಔಷಧಕ್ಕೆ ನಿಧಾನವಾಗಿ ದಾಟಿಸುವುದು. ಬ್ಯುಪ್ರೊಪಿಯಾನ್ ಇಲ್ಲಿ ಮುಖ್ಯ ಆಯ್ಕೆ. ಆದರೆ ಫಿಟ್ಸ್ ಇರುವವರಿಗೆ ಅದು ಸಲ್ಲದು, ಆತಂಕ ಹೆಚ್ಚಿರುವವರಿಗೆ ಹೊಂದದಿರಬಹುದು. ಔಷಧ ಬದಲಿಸಲಾಗದಿದ್ದರೆ ಗ್ಯಾಬಪೆಂಟಿನ್ ಅಥವಾ ಪ್ರಿಗ್ಯಾಬಲಿನ್ ಸೇರಿಸುತ್ತಾರೆ. ಇವುಗಳಲ್ಲಿ ಮಂಪರು, ತಲೆಸುತ್ತು, ಮೈಭಾರ ಸಾಮಾನ್ಯ, ಮನಸ್ಥಿತಿಯನ್ನೂ ಗಮನಿಸುತ್ತಿರಬೇಕು.

ಒಂದು ಕಾಲದಲ್ಲಿ ಮೊದಲ ಆಯ್ಕೆಯಾಗಿದ್ದವು ಡೋಪಮಿನ್ ಗುಂಪಿನ ಔಷಧಗಳು. 1982ರಲ್ಲಿ ಟರ್ಕಿಯ ಶೆವ್‌ಕೆಟ್ ಅಕ್ಪಿನಾರ್ ಲೆವೊಡೋಪದ ಗುಣವನ್ನು ವರದಿ ಮಾಡಿದರು. 2005ರಲ್ಲಿ ಅಮೆರಿಕ ರೋಪಿನಿರೋಲ್‌ಗೆ ಒಪ್ಪಿಗೆ ಕೊಟ್ಟಿತು. ಆದರೆ ವರ್ಷಗಳು ಕಳೆದಂತೆ ಇವೇ ಕಾಯಿಲೆಯನ್ನು ಬೆಳೆಸುವುದು ತಿಳಿದುಬಂತು: ರಾತ್ರಿ ಬರುತ್ತಿದ್ದ ಚಡಪಡಿಕೆ ಮಧ್ಯಾಹ್ನವೇ ಬರುತ್ತದೆ, ಕಾಲಿನಿಂದ ಕೈಗೂ ಹರಡುತ್ತದೆ. ಜೂಜು, ಖರೀದಿಗಳ ಹುಚ್ಚು ಹತ್ತುವ ಅಪಾಯವೂ ಇದೆ. ಅಮೆರಿಕದ ನಿದ್ರಾವೈದ್ಯರ ಅಕಾಡೆಮಿಯ 2025ರ ಮಾರ್ಗಸೂಚಿ ಇವನ್ನು ವಾಡಿಕೆಯ ಚಿಕಿತ್ಸೆಯಾಗಿ ಬಳಸಬಾರದೆಂದು ಸೂಚಿಸಿದೆ. ನಮ್ಮಲ್ಲಿ ಸುಲಭವಾಗಿ ಬರೆದುಕೊಡುವ ಕ್ಲೊನಾಜೆಪಾಮ್ ನಿದ್ರೆ ತರಿಸುತ್ತದೆ. ಚಡಪಡಿಕೆಯ ಮೂಲ ಅದರಿಂದ ಹೋಗುತ್ತದೆನ್ನಲು ಗಟ್ಟಿ ಆಧಾರವಿಲ್ಲ. ಅಭ್ಯಾಸವಾಗುವ ಭಯ, ವಯಸ್ಸಾದವರು ರಾತ್ರಿ ಎದ್ದಾಗ ಬೀಳುವ ಭಯ ಎರಡೂ ಅದರಲ್ಲಿವೆ.

ಹಲ್ಲು ಕಡಿಯುವವರಿಗೆ ಪ್ರಮಾಣ ಇಳಿಸುವುದು, ಬಸ್ಪಿರೋನ್ ಸೇರಿಸುವುದು, ದಂತವೈದ್ಯರಿಂದ ರಾತ್ರಿ ಹಾಕಿಕೊಳ್ಳುವ ಕವಚ ಮಾಡಿಸುವುದು ದಾರಿಗಳು. ನಿದ್ರೆಯಲ್ಲಿ ಒದೆಯುವ, ಹೊಡೆಯುವ ತೊಂದರೆ ಇರುವವರ ಮಂಚದ ಸುತ್ತ ಗಾಜು, ಕತ್ತಿ, ಚೂಪಾದ ವಸ್ತು ಇರದಂತೆ ನೋಡಿಕೊಳ್ಳಬೇಕು.

ಕರ್ನಾಟಕದ ಅಧ್ಯಯನಗಳು ಮತ್ತು ಸಂಸ್ಥೆಗಳು

ಭಾರತದ ನಗರವಾಸಿಗಳಲ್ಲಿ ಚಡಪಡಿಕೆಯ ಕಾಲಿನ ಪ್ರಮಾಣ ಕುರಿತ ಮೊದಲ ಅಧ್ಯಯನಗಳು ಬೆಂಗಳೂರಿನವು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಇದು ನೂರಕ್ಕೆ 2.1. ಅದೇ ನಗರದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ನಿಮ್ಹಾನ್ಸ್‌ನ ತಂಡ 2012ರಲ್ಲಿ ಪ್ರಕಟಿಸಿದ, ಆರೋಗ್ಯವಂತರೆಂದು ತೋರುವವರ ಸಮೀಕ್ಷೆಯಲ್ಲಿ ನೂರಕ್ಕೆ 2.9. ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ಇದು ಕಡಿಮೆ. ಆದರೆ ಹಿಮಾಲಯದ ಎತ್ತರದ ಪ್ರದೇಶಗಳಲ್ಲಿ ನಡೆದ ಅಧ್ಯಯನದಲ್ಲಿ ಪ್ರಮಾಣ ಇದಕ್ಕಿಂತ ಬಹಳ ಹೆಚ್ಚು ಕಂಡಿದೆ. ಹಾಗಾಗಿ ಬೆಂಗಳೂರಿನ ಅಂಕಿಯನ್ನು ಇಡೀ ನಾಡಿಗೆ ಹೊಂದಿಸುವಂತಿಲ್ಲ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ವಯಸ್ಕರಲ್ಲಿ ಇಪ್ಪತ್ತಕ್ಕೊಬ್ಬರು ಬದುಕಿನ ಒಂದಲ್ಲ ಒಂದು ಹಂತದಲ್ಲಿ ಖಿನ್ನತೆ ಅನುಭವಿಸಿರುತ್ತಾರೆ ಎಂದಿತು. ನಿಮ್ಹಾನ್ಸ್ ಮುನ್ನಡೆಸಿದ ಈ ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ಕರ್ನಾಟಕ ಸೇರಿರಲಿಲ್ಲ.

1974ರಲ್ಲಿ ರೂಪುಗೊಂಡ ನಿಮ್ಹಾನ್ಸ್‌ನಲ್ಲಿ ಮನೋವೈದ್ಯ, ನರವೈದ್ಯ, ನಿದ್ರಾಪ್ರಯೋಗಾಲಯ ಮೂರೂ ಒಂದೇ ಆವರಣದಲ್ಲಿವೆ. ಇವು ಮೂರೂ ಕೂಡುವ ಜಾಗದಲ್ಲಿ ನಿಂತ ಈ ಕಾಯಿಲೆಗಳಿಗೆ ಅದು ಅನುಕೂಲ. ಉತ್ತರ ಕರ್ನಾಟಕಕ್ಕೆ ಧಾರವಾಡದ ಡಿಮ್ಹಾನ್ಸ್ ಇದೆ. 19ನೆಯ ಶತಮಾನದ ಮಾನಸಿಕ ಆಸ್ಪತ್ರೆಯಿಂದ ಬೆಳೆದುಬಂದ ಸಂಸ್ಥೆ ಅದು. ಸಾಮಾನ್ಯ ವೈದ್ಯರ ಮೂಲಕವೇ ಮನೋಚಿಕಿತ್ಸೆ ಕೊಡುವ ಪ್ರಯೋಗವನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿತು. ಅದೇ ಮಾದರಿಯಲ್ಲಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಮನೋವೈದ್ಯರು ಗೊತ್ತಾದ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ಮನೋಚೈತನ್ಯ ಕಾರ್ಯಕ್ರಮವನ್ನು ಕರ್ನಾಟಕ 2014ರಲ್ಲಿ ಶುರುಮಾಡಿತು. 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಸಹಾಯವಾಣಿ 14416 ಸಂಖ್ಯೆಯಲ್ಲಿ ಹಗಲೂ ರಾತ್ರಿ ಲಭ್ಯ, ಕನ್ನಡದಲ್ಲೂ ಮಾತಾಡಬಹುದು.

ಹೆಗ್ಗರಣೆಯ ಕಡೆಯಿಂದ ನೋಡಿದರೆ

ಇಂಥ ಸಂಸ್ಥೆಗಳಿಂದ ದೂರದ ಹಳ್ಳಿಯೊಂದರ ಉದಾಹರಣೆ ನೋಡೋಣ. ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನ ಹೆಗ್ಗರಣೆ, ಅಘನಾಶಿನಿಯ ಉಂಚಳ್ಳಿ ಜಲಪಾತಕ್ಕೆ ಹತ್ತಿರದ ಊರು. ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಉಳಿದ ಹಳ್ಳಿಗಳಂತೆ ಇಲ್ಲೂ ಬದುಕು ಅಡಿಕೆ ತೋಟದ ಸುತ್ತ. ಮನೆಗಳು ಕಣಿವೆಯ ಅಂಚಿನಲ್ಲಿ ಚದುರಿವೆ. ತಾಲ್ಲೂಕು ಆಸ್ಪತ್ರೆ ಸಿದ್ದಾಪುರದಲ್ಲಿ; ಶಿರಸಿಯಲ್ಲಿ ಪಂಡಿತ ಸಾರ್ವಜನಿಕ ಆಸ್ಪತ್ರೆ; ಜಿಲ್ಲಾಕೇಂದ್ರ ಕಾರವಾರ ಘಟ್ಟದ ಕೆಳಗೆ. ನಿದ್ರಾಪ್ರಯೋಗಾಲಯದ ಪರೀಕ್ಷೆ ಬೇಕೆಂದರೆ ಹುಬ್ಬಳ್ಳಿ-ಧಾರವಾಡ, ಮಣಿಪಾಲ, ಮಂಗಳೂರು ಅಥವಾ ಬೆಂಗಳೂರಿನಂಥ ಊರುಗಳ ದಾರಿ ಹಿಡಿಯಬೇಕು. ಇಂಥ ಕಡೆ ಕಾಯಿಲೆಯ ಪತ್ತೆ ಹೆಚ್ಚಾಗಿ ಮನೆಯವರ ಕಣ್ಣು, ರೋಗಿಯ ಬಾಯಿಗಳನ್ನೇ ಅವಲಂಬಿಸಿದೆ.

ತೋಟದ ಬದುಕಿನಲ್ಲಿ ಚಡಪಡಿಕೆಯ ಕಾಲು ಮರೆಯಾಗುವುದು ಸುಲಭ. ದಿನವಿಡೀ ಇಳಿಜಾರು ಹತ್ತಿ ಇಳಿದವರು ಸಂಜೆ ಕಾಲು ಸೆಳೆಯುತ್ತದೆ ಎಂದರೆ ಯಾರಿಗೂ ವಿಶೇಷ ಅನ್ನಿಸದು. ಬೇರ್ಪಡಿಸುವ ಗುರುತು ಒಂದೇ: ದಣಿದ ಕಾಲು ಕೂತರೆ ಹಗುರಾಗುತ್ತದೆ, ಚಡಪಡಿಕೆಯ ಕಾಲು ಎದ್ದರೆ ಹಗುರಾಗುತ್ತದೆ. ಕೊಯ್ಲಿನ ದಿನಗಳಲ್ಲಿ ರಾತ್ರಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವಾಗ, ತಾಳಮದ್ದಳೆ ಕೇಳುತ್ತ ಕೂತಾಗ, ಬೆಂಗಳೂರಿನ ರಾತ್ರಿ ಬಸ್ಸಿನಲ್ಲಿ ಕಾಲು ಚಾಚಲಾಗದಾಗ ಈ ವ್ಯತ್ಯಾಸ ಎದ್ದುಕಾಣುತ್ತದೆ. ಸುಲಿತದ ನಡುವೆ ನಾಲ್ಕು ಸಲ ಎದ್ದು ಅಂಗಳ ಸುತ್ತಿ ಬರುವವರು ಕೆಲಸಗಳ್ಳರಲ್ಲದಿರಬಹುದು.

ಖಿನ್ನತೆಯನ್ನು ಇಲ್ಲಿ ತಲೆಬಿಸಿ, ಬೇಜಾರು, ನಿದ್ರೆ ಇಲ್ಲ ಎಂದೇ ಹೇಳಿಕೊಳ್ಳುವುದು ಹೆಚ್ಚು. ಮಾತ್ರೆಗೂ ನಿದ್ರೆಮಾತ್ರೆ ಎಂದೇ ಹೆಸರು. ನಿದ್ರೆಮಾತ್ರೆ ನುಂಗಿಯೂ ರಾತ್ರಿ ಕಾಲು ಆಡಿಸುತ್ತ ಕೂರುವ ಸ್ಥಿತಿ ಬಂದರೆ ಅದು ತಾಗುವುದಿಲ್ಲವೆಂದು ಬಿಟ್ಟುಬಿಡುವುದು ಸಹಜ. ಮನೋವೈದ್ಯರ ಮುಂದಿನ ಭೇಟಿ ವಾರಗಳಾಚೆ ಇದ್ದಾಗ, ಮಾತ್ರೆ ಶುರುವಾದ ಮೊದಲ ಹದಿನೈದು ದಿನಗಳಲ್ಲೇ ಕಾಣುವ ಈ ತೊಂದರೆ ಚೀಟಿಗೆ ಏರುವುದೇ ಇಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿ ಅಥವಾ ಆಶಾ ಕಾರ್ಯಕರ್ತೆ ಆ ಹದಿನೈದು ದಿನಗಳೊಳಗೆ ರಾತ್ರಿ ಕಾಲು ಹೇಗಿರುತ್ತದೆ ಎಂದು ಕೇಳಿದರೆ ಆ ಕೊರತೆಯ ಬಹುಭಾಗ ತುಂಬುತ್ತದೆ.

ಊಟ-ಅಭ್ಯಾಸಗಳದ್ದೂ ಪಾಲಿದೆ. ಊಟದ ಜೊತೆಗೇ ಕುಡಿಯುವ ಚಹಾ ಆಹಾರದ ಕಬ್ಬಿಣ ಹೀರಿಕೆಯನ್ನು ತಗ್ಗಿಸುತ್ತದೆ. ಲಿಂಬೆಯ ಹುಳಿ ಅದನ್ನು ಹೆಚ್ಚಿಸುತ್ತದೆ. ಹರಿವೆ, ನುಗ್ಗೆಸೊಪ್ಪು, ರಾಗಿ ಒಳ್ಳೆಯವು, ಆದರೆ ಬರಿದಾದ ಕಬ್ಬಿಣದ ಕೋಶವನ್ನು ಅವುಗಳಿಂದಲೇ ತುಂಬಿಸುವುದು ಕಷ್ಟ. ಕವಳದ, ಅಂದರೆ ಎಲೆಅಡಿಕೆಯ, ಹೊಗೆಸೊಪ್ಪಿನ ನಿಕೋಟಿನ್ ಉತ್ತೇಜಕ. ಮಲಗುವ ಮುನ್ನದ ಕವಳ ನಿದ್ರೆಗೆ ಒಳ್ಳೆಯದಲ್ಲ. ತಂಬಾಕು ಬಿಡಿಸಲೂ ಬ್ಯುಪ್ರೊಪಿಯಾನ್ ಬಳಕೆಯಲ್ಲಿದೆ ಎಂಬುದು ಇಲ್ಲಿ ನೆನಪಿಡಬೇಕಾದ ಸಂಗತಿ. ಕಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳುವುದು, ಬಿಸಿನೀರು ಹೊಯ್ದುಕೊಳ್ಳುವುದು ತಾತ್ಕಾಲಿಕ ಆರಾಮ ಕೊಡುತ್ತವೆ. ಇವುಗಳಿಂದ ಹಾನಿಯಿಲ್ಲ, ಆದರೆ ಇವೇ ಚಿಕಿತ್ಸೆಯಾಗವು.

ಉಳಿದಿರುವ ಪ್ರಶ್ನೆಗಳು

ಈ ವಿಷಯದ ಆಧಾರಗಳು ಬಹುಮಟ್ಟಿಗೆ ಒಬ್ಬೊಬ್ಬ ರೋಗಿಯ ವರದಿಗಳು ಮತ್ತು ಒಂದೇ ಕಾಲಬಿಂದುವಿನಲ್ಲಿ ನಡೆಸಿದ ಸಮೀಕ್ಷೆಗಳು. ಖಿನ್ನತೆಯ ಔಷಧಗಳ ದೊಡ್ಡ ಪ್ರಯೋಗಗಳಲ್ಲಿ ಕಾಲಿನ ಚಡಪಡಿಕೆಯನ್ನು ಪ್ರತ್ಯೇಕವಾಗಿ ಕೇಳಿ ಬರೆದುಕೊಂಡದ್ದು ಕಡಿಮೆ. ಆದ್ದರಿಂದ ಔಷಧದಿಂದ ಬಂದದ್ದೆಷ್ಟು, ಖಿನ್ನತೆಯ ಜೊತೆಗೇ ಇದ್ದದ್ದೆಷ್ಟು ಎಂದು ಬೇರ್ಪಡಿಸುವುದು ಕಷ್ಟವಾಗಿದೆ. ಮಿರ್ಟಜಪಿನ್ ಹೆಚ್ಚು ಕೆರಳಿಸುತ್ತದೆ, ಬ್ಯುಪ್ರೊಪಿಯಾನ್ ಕೆರಳಿಸುವುದಿಲ್ಲ ಎಂಬೆರಡು ಮಾತುಗಳಿಗೆ ಮಾತ್ರ ಬೇರೆ ಬೇರೆ ಅಧ್ಯಯನಗಳ ಬೆಂಬಲ ಒಟ್ಟಾಗಿ ಸಿಕ್ಕಿದೆ. 2007ರಲ್ಲಿ ಗುರುತಿಸಲಾದ ಮೀಸ್1, ಬಿಟಿಬಿಡಿ9 ಮೊದಲಾದ ವಂಶವಾಹಿಗಳು ಕೆಲವರಿಗೆ ಮಾತ್ರ ತೊಂದರೆ ಏಕೆ ಬರುತ್ತದೆ ಎಂಬುದರ ಒಂದಂಶವನ್ನು ವಿವರಿಸುತ್ತವೆ. ಮನೆಯಲ್ಲಿ ಇನ್ನಾರಿಗಾದರೂ ರಾತ್ರಿ ಕಾಲಿನ ತಳಮಳ ಇತ್ತೇ ಎಂಬ ಪ್ರಶ್ನೆಗೆ ಅರ್ಥ ಬರುವುದು ಇದರಿಂದ.

ಔಷಧ ಬರೆಯುವ ಮೊದಲು ಕಾಲಿನ ಬಗ್ಗೆ ಕೇಳಿ ಚೀಟಿಯಲ್ಲಿ ಗುರುತು ಹಾಕಿಕೊಂಡರೆ, ಆಮೇಲೆ ಬಂದದ್ದು ಹೊಸದೋ ಹಳೆಯದೋ ತಿಳಿಯುತ್ತದೆ. ವಿಲ್ಲಿಸ್‌ನಿಂದ ಎಕ್‌ಬೊಮ್‌ವರೆಗಿನ 273 ವರ್ಷಗಳಲ್ಲಿ ಈ ಕಾಯಿಲೆ ಒಮ್ಮೆ ನರದ್ದೆನ್ನಿಸಿಕೊಂಡು, ಒಮ್ಮೆ ಮನಸ್ಸಿನದ್ದೆನ್ನಿಸಿಕೊಂಡು ಅಲೆಯಿತು. ಖಿನ್ನತೆಯ ಮಾತ್ರೆ ನುಂಗುವವರಲ್ಲಿ ಅದು ಎರಡಕ್ಕೂ ಸೇರಿರುತ್ತದೆ. ಯಾವುದರ ಪಾಲು ಎಷ್ಟೆಂದು ತಿಳಿಯಲು ಮೊದಲ ದಿನ ಚೀಟಿಯಲ್ಲಿ ಬರೆದಿಟ್ಟ ಆ ಒಂದು ಸಾಲು ಬೇಕಾಗುತ್ತದೆ.